ಅಕ್ಕನ ಕೈಮೇಲಿನ ಮುಖವಾಡ

ಕಲಘಟಗಿ ಬಸ್‌ಸ್ಟ್ಯಾಂಡಿನ ಬಾಜುವಿಗೆ ನನ್ನದೊಂದು ಹಚ್ಚೆ ಹಾಕುವ ಅಂಗಡಿ ಇದೆ. ಮೊದಲು ಅಪ್ಪನ ಜೊತೆ ಕುಳಿತು ಮರದ ತೊಟ್ಟಿಲುಗಳಿಗೆ ಬಣ್ಣ ಹಚ್ಚುತ್ತಿದ್ದವನು ನಾನು. ಈಗ ಅದೇ ಕೈಯಿಂದ ಹುಡುಗರ ತೋಳಿಗೆ ಮುಖವಾಡ ಚುಚ್ಚುತ್ತೇನೆ. ಎರಡು ಮೂರು ವರ್ಷದಿಂದ ಬರುವವರೆಲ್ಲ ಮುಖವಾಡವನ್ನೇ ಕೇಳುತ್ತಾರೆ. ಮೊಬೈಲಿನಲ್ಲಿ ಚಿತ್ರ ತೋರಿಸಿ ಇದರ ಅರ್ಥವೇನು ಎನ್ನುತ್ತಾರೆ. ಅರ್ಥ ಗೊತ್ತಿಲ್ಲದ್ದನ್ನು ಮೈಮೇಲೆ ಯಾಕೆ ಹಾಕಿಸಿಕೊಳ್ಳುತ್ತೀರಿ ಎಂದು ಬೈಯುವಷ್ಟು ಸಿಟ್ಟು ಬರುತ್ತದೆ ನನಗೆ. ಆದರೂ ಹೇಳುತ್ತೇನೆ. ನಗುವ ಮುಖ, ಅಳುವ ಮುಖ ಜೋಡಿಯಾಗಿದ್ದರೆ ಸುಖ-ದುಃಖ. ಗರಿ ಸಿಕ್ಕಿಸಿದ, ಕಣ್ಣಷ್ಟೇ ಮುಚ್ಚುವ ಅರ್ಧ ಮುಖವಾಡ ಗುಟ್ಟು ಇಟ್ಟುಕೊಂಡವರಿಗೆ. ನಡುವೆ ಬಿರುಕು ಬಿಟ್ಟದ್ದು ಮೋಸ ಹೋಗಿ ಗಟ್ಟಿಯಾದವರಿಗೆ. ಇದನ್ನೆಲ್ಲ ನಾನೂ ಮೊಬೈಲಿನಲ್ಲೇ ಓದಿದ್ದು. ನಮ್ಮ ಕಡೆ ಹಬ್ಬ-ಜಾತ್ರೆಯಲ್ಲಿ ಸೋಗು ಹಾಕುವವರ ಮುಖವಾಡಕ್ಕೆ ಯಾರೂ ಅರ್ಥ ಕೇಳಿದ್ದನ್ನು ನಾ ಕಾಣೆ. ಕಟ್ಟಿಕೊಂಡವನ ಗುರುತು ಸಿಗಬಾರದು, ಅಷ್ಟೇ.

ಹೋದ ಬೇಸಿಗೆ ರಜೆಯಲ್ಲಿ ದೇವಿಕೊಪ್ಪದಿಂದ ನನ್ನ ಅಕ್ಕ ಅಂಗಡಿಗೆ ಬಂದಳು. ಕುಳಿತವಳೇ ಬಲಗೈ ನನ್ನ ಮುಂದೆ ಚಾಚಿ, ಇದನ್ನು ಮುಚ್ಚಿಬಿಡು ಎಂದಳು. ಕೈಮೇಲಿದ್ದದ್ದು ಭಾವನ ಹೆಸರಿನ ಹಚ್ಚೆ.

ಮದುವೆಯಾದ ವರ್ಷ ಹಾಕಿಸಿದ್ದು. ಗಂಡನ ಹೆಸರನ್ನು ಬಾಯಿಂದ ಅನ್ನಬಾರದು. ಅದಕ್ಕೇ ನಮ್ಮ ಮನೆಯ ಹೆಂಗಸರು ಕೈಮೇಲೆ ಬರೆಸಿಕೊಳ್ಳುತ್ತಿದ್ದರು. ಬ್ಯಾಂಕಿನಲ್ಲಿ, ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಅಕ್ಕ ಮಾತಾಡದೆ ಕೈ ಚಾಚುತ್ತಿದ್ದಳು. ಭಾವ ಇನ್ನೊಬ್ಬಳನ್ನು ಕಟ್ಟಿಕೊಂಡು ಹೋಗಿ ಹದಿನೆಂಟು ವರ್ಷವಾಯಿತು. ಹೋದ ಮೇಲೂ ಅಕ್ಕನಿಗೆ ಕೈ ಚಾಚುವುದು ತಪ್ಪಲಿಲ್ಲ.

ಇಷ್ಟು ವರ್ಷ ಸುಮ್ಮನಿದ್ದವಳಿಗೆ ಈಗೇನಾಯಿತು ಎಂದು ಕೇಳಿದೆ. ಅಕ್ಕ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಒಂದನೇ ಇಯತ್ತೆಯ ಮಕ್ಕಳು ಅಕ್ಷರ ಕೂಡಿಸಲು ಕಲಿತ ಹೊಸದರಲ್ಲಿ ಕಂಡದ್ದನ್ನೆಲ್ಲ ಓದುತ್ತವೆ. ಗೋಡೆ ಓದುತ್ತವೆ, ಅಕ್ಕಿಯ ಚೀಲ ಓದುತ್ತವೆ, ಅವಳು ಅನ್ನ ಬಡಿಸಲು ಬಗ್ಗಿದಾಗ ಅವಳ ಕೈಯನ್ನೂ ಓದುತ್ತವೆ. ಒಂದು ಮಗು ಓದಿದರೆ ಸಾಕು, ಇಡೀ ಸಾಲು ಆ ಹೆಸರನ್ನು ರಾಗ ಎಳೆದು ಕೂಗುತ್ತದೆ. ಪ್ರತಿ ವರ್ಷ ಹೊಸ ಮಕ್ಕಳು, ಪ್ರತಿ ವರ್ಷ ಅದೇ ಹೆಸರು. ಬೈಯೋಣವೆಂದರೆ ಅವು ಓದು ಬಂದ ಖುಷಿಯಲ್ಲಿರುತ್ತವೆ.

'ಹುಡುಗೂರಿಗೆ ಓದಬ್ಯಾಡ್ರಿ ಅನ್ನಾಕ ಬರತೈತೇನ?' ಎಂದಳು.

ಕೊನೆಕೊನೆಗೆ ಬಡಿಸುವುದನ್ನೇ ಬಿಟ್ಟು ಒಳಗೆ ಒಲೆಯ ಮುಂದೆ ಕುಳಿತುಬಿಡುತ್ತಿದ್ದಳಂತೆ. ಶಾಲೆ ಶುರುವಾಗುವುದರೊಳಗೆ ಈ ಹೆಸರು ಹೋಗದಿದ್ದರೆ ಕೆಲಸ ಬಿಟ್ಟೇಬಿಡುತ್ತೇನೆ ಎಂದಳು. ಮಕ್ಕಳಿಗೆ ಬಡಿಸುವುದೆಂದರೆ ಅವಳಿಗೆ ಜೀವ. ಅದನ್ನೇ ಬಿಡುವ ಮಾತು ಅವಳ ಬಾಯಿಂದ ಬಂದದ್ದಕ್ಕೆ ಕಾರಣ ನಾನು.

ಯಾಕೆಂದರೆ ಆ ಅಕ್ಷರಗಳು ನನ್ನವು. ಆಗ ಹಚ್ಚೆ ಹಾಕಲು ಬಂದ ಹೆಂಗಸಿಗೆ ಬರೆಯಲು ಬರುತ್ತಿರಲಿಲ್ಲ. ತೊಟ್ಟಿಲ ಮೇಲೆ ಬರೆದು ಕೈ ಪಳಗಿದ್ದ ನಾನೇ ಅಕ್ಕನ ಕೈಮೇಲೆ ಕುಂಚದಿಂದ ಬರೆದುಕೊಟ್ಟೆ, ಆ ಹೆಂಗಸು ಅದರ ಮೇಲೆ ಚುಚ್ಚಿದಳು. ಊರಿನ ಉಳಿದ ಹೆಂಗಸರ ಕೈಯ ಹೆಸರುಗಳು ಹರಡಿಹೋಗಿ ಈಗ ದೇವರಿಗೂ ಓದಲು ಬರುವುದಿಲ್ಲ. ನಾನು ಜಾಣತನ ತೋರಿಸಲು ಹೋಗಿ ದೊಡ್ಡದಾಗಿ, ದುಂಡಗೆ, ಮಕ್ಕಳ ಅಂಕಲಿಪಿಯ ಹಾಗೆ ಬರೆದಿದ್ದೆ. ನೆಂಟರೆಲ್ಲ ಹೊಗಳಿದ್ದರು. ಆ ಹೊಗಳಿಕೆಯನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಹಳೆಯ ಹಚ್ಚೆಯನ್ನು ಮುಚ್ಚಬೇಕೆಂದರೆ ಅದಕ್ಕಿಂತ ಕಪ್ಪಾದ ಚಿತ್ರ ಬೇಕು. ದಪ್ಪ ಮೀಸೆಯ ಸೋಗಿನ ಮುಖವಾಡವೊಂದನ್ನು ಕಾಗದದ ಮೇಲೆ ಬರೆದು, ಹೆಸರು ಸರಿಯಾಗಿ ಮೀಸೆಯೊಳಗೆ ಮುಳುಗುತ್ತದೆ ಎಂದು ತೋರಿಸಿದೆ. ಅವನಿಗೂ ಮೀಸೆ ಇತ್ತು, ಬೇಡ ಅಂದಳು. ಹಾಗಾದರೆ ಹೆಣ್ಣು ಮುಖವಾಡ, ಹೆಸರಿನ ಮೇಲೆ ಕರಿ ಕೂದಲು. ಅದಕ್ಕೆ ಒಪ್ಪಿದಳು. ಅಲ್ಲಿಗೆ ಬಿಡಬೇಕಿತ್ತು. ನಾನು ನನ್ನ ವಿದ್ಯೆ ತೋರಿಸಲು ಹಣೆಯಿಂದ ಗದ್ದದವರೆಗೆ ಒಂದು ಬಿರುಕು ಎಳೆದು, ಇದಕ್ಕೆ ಬಹಳ ಅರ್ಥವಿದೆ, ಮೋಸ ಹೋದವರು ಇದನ್ನೇ ಹಾಕಿಸಿಕೊಳ್ಳುತ್ತಾರೆ ಎಂದೆ. ಅಕ್ಕ ಕಾಗದವನ್ನು ನನ್ನ ಕಡೆ ದೂಡಿದಳು.

'ಬಿರುಕ ಯಾಕಲೇ? ನಾ ಎಲ್ಲಿ ಒಡದೇನಿ?'

ಅವಳ ಮಾತು ನಿಜ. ಇಬ್ಬರು ಮಕ್ಕಳನ್ನು ಒಬ್ಬಳೇ ಓದಿಸಿದಳು, ಮನೆಗೆ ಹಂಚು ಹೊದಿಸಿದಳು, ನನ್ನ ಹೆಂಡತಿಯ ಎರಡೂ ಬಾಣಂತನ ಮಾಡಿದಳು. ಎಲ್ಲಿಯೂ ಒಡೆದಿರಲಿಲ್ಲ. ಬಿರುಕನ್ನು ಅಳಿಸಿದೆ.

ಮಧ್ಯಾಹ್ನವೆಲ್ಲ ಕುಳಿತೆವು. ಕಣ್ಣು, ಮೂಗು, ತುಟಿ ಮುಗಿಸಿ ಕೂದಲನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹೆಸರಿನ ಮೊದಲ ಅಕ್ಷರಕ್ಕೆ ಸೂಜಿ ತಾಗಿಸಬೇಕು, ಅಷ್ಟರಲ್ಲಿ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ನೋವಾಯಿತೇನೋ, ಅಥವಾ ಮನಸ್ಸು ಬದಲಾಯಿತೇನೋ ಅಂದುಕೊಂಡೆ. ಅವಳು ಕೈಯನ್ನು ಮುಖದ ಹತ್ತಿರ ತಂದು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಹೆಸರನ್ನು ಗಟ್ಟಿಯಾಗಿ ಅಂದಳು. ಮದುವೆಯ ದಿನ ಎಲ್ಲರೆದುರು ಒಡಪಿನ ಪದ್ಯದಲ್ಲಿ ಕಟ್ಟಿ ಹೇಳಿದ್ದನ್ನು ಬಿಟ್ಟರೆ ಆ ಹೆಸರು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಹೊರಗೆ ಹುಬ್ಬಳ್ಳಿಯ ಬಸ್ಸಿಗೆ ಕಾದು ನಿಂತಿದ್ದವನೊಬ್ಬ ತನ್ನನ್ನೇ ಕರೆದರೆಂದು ತಿರುಗಿ ನೋಡಿದ. ಅಕ್ಕನೂ ಅವನನ್ನು ನೋಡಿದಳು.

'ಇಷ್ಟ ನೋಡು,' ಅಂದಳು. 'ಇದನ್ನ ಅನ್ನಾಕ ಇಷ್ಟು ವರ್ಷ ಅಂಜಿದ್ನಿ.'

ನನಗೆ ಅಳು ತಡೆಯಲಾಗಲಿಲ್ಲ. ಅವಳು ಕೈಯನ್ನು ಮತ್ತೆ ದಿಂಬಿನ ಮೇಲಿಟ್ಟಳು.

'ಹೂಂ, ಈಗ ಮುಚ್ಚು.'