ಮೋಟುಗೈಯ ಚಾಪೆ

ನಮ್ಮ ಸಮೋವಾದ ಹಳ್ಳಿಯಲ್ಲಿ ಫೇತುಳನ್ನು ಎಲ್ಲರೂ ಕರೆದದ್ದು ಮೋಟುಗೈ ಎಂದೇ. ಎರಡೂ ಮುಂಗೈಗಳಲ್ಲಿ ಒಂದೊಂದು ಮೂಳೆಯೇ ಇಲ್ಲದೆ ಹುಟ್ಟಿದವಳು. ಹಸ್ತಗಳು ಮೊಣಕೈ ಹತ್ತಿರವೇ ಒಳಕ್ಕೆ ತಿರುಗಿದ್ದವು. ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಕಡಿಮೆ ಎಂದರು ಡಾಕ್ಟರು. ಎತ್ತಿಕೊಂಡರೆ ಸಾಕು, ಕೂಸಿನ ಮೈ ನೀಲಿಗಟ್ಟುತ್ತಿತ್ತು. "ತಾಯೀನೇ ಹೊಡೀತಾಳೆ" ಎಂದು ಊರೆಲ್ಲ ಸಾರಿದವಳು ಲುಪೆ, ಹೆಂಗಸರು ಕೂಡಿ ಚಾಪೆ ಹೆಣೆಯುವ ಮನೆಯ ಯಜಮಾನಿ. ಬೆಳೆಯುತ್ತ ಫೇತುಳ ರಕ್ತ ಸುಧಾರಿಸಿತು. ಆ ಹೆಂಗಸಿನ ಹಾಳು ನಾಲಿಗೆಗೆ ಮಾತ್ರ ಮದ್ದೇ ಇರಲಿಲ್ಲ. ಹೆಣಿಗೆ ಕಲಿಯಲು ಬಂದ ಹುಡುಗಿಯನ್ನು, "ಈ ಮೋಟುಗೈಗೆ ಚಾಪೆ ಬೇರೆ ಕೇಡು! ಹೋಗೇ, ಹಂದಿಗೆ ಕಾಯಿ ಹಾಕು" ಎಂದು ಅಟ್ಟಿದಳು.

ಫೇತು ಮನೆಯಲ್ಲೇ ಕೂತು, ಕೇದಗೆ ಗರಿ ಸೀಳಿದ ನವಿರು ಎಳೆಗೆ ಮೂಗು ತಾಗುವಷ್ಟು ಬಾಗಿ, ಎರಡು ವರ್ಷ ಒಂದೇ ಚಾಪೆ ಹೆಣೆದಳು.

ಲುಪೆಯ ಗಂಡ ಸತ್ತಾಗ ಫೇತುಳ ಮನೆಯವರು ಅದನ್ನು ತಂದು ಅಂಗಳದಲ್ಲಿ ಬಿಚ್ಚಿ ಹಿಡಿದರು. ಸಾವಿನ ಮನೆಗೆ ಕಾಣಿಕೆಯಾಗಿ ಬಂದ ಚಾಪೆಯನ್ನು ಮನೆಯಾಕೆ ಕೂಗಿ ಹೊಗಳಲೇಬೇಕು, ಅದು ನಮ್ಮ ಕಟ್ಟಳೆ. ರೇಷ್ಮೆಯಂತೆ ಜಾರುವ ಚಾಪೆ ಕಂಡು ಲುಪೆ ಗಂಟಲು ಹರಿಯುವಂತೆ ಕೂಗಿದಳು: "ಆಹಾ, ಯಾವ ಪುಣ್ಯಾತ್ಗಿತ್ತಿ ಕೈಯಮ್ಮಾ ಇದು!"

ಫೇತು ಎದ್ದು ನಿಂತಳು. "ನಂದೇ, ದೊಡ್ಡಮ್ಮ. ಹಂದಿಗೂ ಕಾಯಿ ಹಾಕೇ ಬಂದೆ."