ಕ್ರೂಸಿತಾ ಹಾಕಿದ ಆರು ಸೂಜಿ

ಆರು ಸೂಜಿ ಹಾಕಿದ ಕೂಲಿ, ಮುನ್ನೂರು ಪೆಸೊ, ಚೇಪೆ ಇನ್ನೂ ಕೊಟ್ಟಿಲ್ಲ. ಕ್ರೂಸಿತಾ ಕೇಳುವುದನ್ನೂ ಬಿಟ್ಟಿದ್ದಾಳೆ. ಈಗ ಓಣಿಯಲ್ಲಿ ಅವನ ಮೋಟಾರ್‌ಸೈಕಲ್ಲಿನ ಸದ್ದು ಕೇಳಿದರೆ ಸಾಕು, ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಾಳೆ.

ಸಾನ್ ಪೆದ್ರೋ ಊರಿನ ಸಕ್ಕರೆ ಕಾರ್ಖಾನೆಯ ಹಿಂದಿನ ಕೇರಿಯಲ್ಲಿ ಸೂಜಿ ಹಾಕುವವಳೆಂದರೆ ಅವಳೇ. ಪ್ರಾಯದಲ್ಲಿ ಆಸ್ಪತ್ರೆಯ ನೆಲ ಒರೆಸುತ್ತಾ ನರ್ಸುಗಳ ಕೈ ನೋಡಿ ಕಲಿತದ್ದು. ಸರ್ಟಿಫಿಕೇಟು ಇಲ್ಲ. ಆದರೂ ಕೇರಿಯವರು ಅವಳನ್ನು ಕರೆಯುವುದು ದೋನ್ಯಾ, ಅಂದರೆ ಅಮ್ಮಾವ್ರು ಎಂದೇ. ಕೂಸಿನ ಜ್ವರವಿರಲಿ, ಮುದುಕರ ಸಕ್ಕರೆ ಕಾಯಿಲೆಯಿರಲಿ, ಅವರವರೇ ಸೀಸೆ ತರುತ್ತಾರೆ, ಇವಳು ಚುಚ್ಚುತ್ತಾಳೆ. ಸೀಸೆಯಲ್ಲೇನಿದೆ ಎಂದು ಕೇಳುವ ರೂಢಿಯಿಲ್ಲ. ಗುಟ್ಟಿನ ಕಾಯಿಲೆಯವರು ಇವಳಲ್ಲಿಗೆ ಬರುವುದೇ ಅದಕ್ಕೆ. ಅವಳು ಕೇಳುವುದು ಒಂದೇ ಮಾತು: ಊಟ ಆಯಿತೇ? ಖಾಲಿ ಹೊಟ್ಟೆಗೆ ಸೂಜಿ ಹಾಕುವುದಿಲ್ಲ.

ಕಳೆದ ಅಕ್ಟೋಬರಿನಲ್ಲಿ ಯೇವ್ರಿಸ್ ಊರಿಗೆ ಬಂದ. ಅಮೆರಿಕದ ಬೇಸ್‌ಬಾಲ್ ಕ್ಲಬ್ಬೊಂದರ ಕೆಳಗಿನ ತಂಡದಲ್ಲಿ ಚೆಂಡೆಸೆಯುವವನು. ಆಟವಿದ್ದಷ್ಟು ತಿಂಗಳು ಸಂಬಳ, ಚಳಿಗಾಲಕ್ಕೆ ಬಿಡಿಗಾಸಿಲ್ಲ. ಭುಜ ಹಿಡಿದುಕೊಂಡಿತ್ತು. ಮಾರ್ಚಿನೊಳಗೆ ಹಳೆಯ ವೇಗ ಬರದಿದ್ದರೆ ಕ್ಲಬ್ಬಿನವರು ಮನೆಗೆ ಕಳಿಸುತ್ತಾರೆ. ಅವನನ್ನು ಚಿಕ್ಕಂದಿನಲ್ಲೇ ಮೈದಾನಕ್ಕಿಳಿಸಿ, ತಯಾರು ಮಾಡಿ, ಕ್ಲಬ್ಬಿಗೆ ಮಾರಿದವನು ಈ ಚೇಪೆ. ಇವತ್ತಿಗೂ ಅವನ ಗಳಿಕೆಯಲ್ಲಿ ಪಾಲು ತಿನ್ನುತ್ತಾನೆ. ಸೀಸೆ ತಂದವನೂ ಅವನೇ.

"ಬರೀ ವಿಟಮಿನ್ನು, ದೋನ್ಯಾ."

ಸೀಸೆಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದಿದ್ದರು. ಒಂದು ಮೂಲೆಯಲ್ಲಿ ಚಿತ್ರದ ಚೂರು ಉಳಿದಿತ್ತು. ನಾಲ್ಕು ಕಾಲು, ಗೊರಸು. ಕುದುರೆಯೋ ಹೋರಿಯೋ, ತಲೆಯಿರಲಿಲ್ಲ. ದನಕರುಗಳಿಗೆ ಚುಚ್ಚುವ ಮದ್ದು. ಕ್ರೂಸಿತಾ ಅದನ್ನು ನೋಡಿದಳು. ಯೇವ್ರಿಸ್‌ನ ಮುಖ ನೋಡಿದಳು.

"ಊಟ ಆಯ್ತಾ ಮಗಾ?"

"ಬಾಳೆಕಾಯಿ, ಸಲಾಮಿ ಬಡ್ಕೊಂಡೇ ಬಂದಿದೀನಿ."

ಚುಚ್ಚಿದಳು. ವಾರಕ್ಕೊಂದರಂತೆ ಆರು.

ಮಾರ್ಚಿನಲ್ಲಿ ವೇಗವೇನೋ ಬಂತು. ಅದರ ಬೆನ್ನಿಗೇ ಮೂತ್ರದ ಪರೀಕ್ಷೆಯೂ ಬಂತು. ಆಟಗಾರರಿಗೆ ನಿಷೇಧಿಸಿದ ಮದ್ದು ಮೈಯಲ್ಲಿದೆಯೆಂದು ಯೇವ್ರಿಸ್ ಸಿಕ್ಕಿಬಿದ್ದ. ವಿಚಾರಣೆ ಮುಗಿಯುವ ತನಕ ಊರಲ್ಲಿರು ಎಂದು ಕಳಿಸಿದರು.

ಒಂದು ದಿನ ಬೆಳಿಗ್ಗೆ ಚೇಪೆ ಅವನನ್ನು ಕರೆದುಕೊಂಡು ಕ್ರೂಸಿತಾಳ ಅಂಗಳಕ್ಕೇ ಬಂದ. ಯೇವ್ರಿಸ್ ಮೋಟಾರ್‌ಸೈಕಲ್ ಬಿಟ್ಟು ಇಳಿಯಲಿಲ್ಲ.

"ನಾಳೆ ಕ್ಲಬ್ಬಿನೋರು ಬರ್ತಾರೆ, ದೋನ್ಯಾ. ಇನ್ಯಾರದೋ ಸೀಸೆ ತಪ್ಪಿ ಚುಚ್ಬಿಟ್ಟೆ ಅನ್ನಿ, ಸಾಕು. ವಯಸ್ಸಾಗಿದೆ, ಕಣ್ಣು ಮಂಜು, ಯಾರ್ ಅಲ್ಲ ಅಂತಾರೆ? ಹುಡುಗನ ಶಿಕ್ಷೆ ಕಮ್ಮಿ ಆಗುತ್ತೆ."

"ಆರು ಸಲಾನೂ ಮಂಜಾಗಿತ್ತಾ ನನ್ ಕಣ್ಣು?"

"ನಿಮಗೇನೂ ಆಗಲ್ಲ. ನಾನಿಲ್ವಾ?"

"ಮುನ್ನೂರು ಪೆಸೊಗೇ ನೀನಿರ್ಲಿಲ್ಲ. ಪೊಲೀಸ್ ಬಂದ್ರೆ ಇರ್ತೀಯಾ?"

ಚೇಪೆ ಟೋಪಿ ಸರಿಮಾಡಿಕೊಂಡ. ಕ್ರೂಸಿತಾ ಅವನನ್ನು ದಾಟಿ ಮೋಟಾರ್‌ಸೈಕಲ್ಲಿನ ಹತ್ತಿರ ಹೋದಳು.

"ಯೇವ್ರಿಸ್, ಅದ್ರಲ್ಲೇನಿತ್ತು ಅಂತ ನಿಂಗೊತ್ತಿತ್ತಾ?"

ಅವನು ಬ್ರೇಕಿನ ತಂತಿಯನ್ನು ಎಳೆದು ಬಿಟ್ಟ. "ಕೇಳ್ಲಿಲ್ಲ ದೋನ್ಯಾ. ಕೇಳಿದ್ರೆ ಗೊತ್ತಾಗ್ಬಿಡ್ತಿತ್ತು."

ತಾನೂ ಇವನೂ ಒಂದೇ ಜಾತಿಯ ಕಳ್ಳರು ಎಂದುಕೊಂಡಳು ಕ್ರೂಸಿತಾ. ತಪ್ಪಿ ಚುಚ್ಚಿದೆ ಎಂದು ಹೇಳಿದರೆ ನಾಳೆಯಿಂದ ಕೇರಿಯಲ್ಲಿ ಯಾರೂ ತೋಳು ಕೊಡುವುದಿಲ್ಲ. ಹೇಳದಿದ್ದರೆ ಇವನ ವರ್ಷ ಹೋಗುತ್ತದೆ. ಒಲೆಯ ಮೇಲೆ ಕಾಫಿ ಉಕ್ಕಿ ಚೆಲ್ಲಿತು, ಅವಳಿಗೆ ಕಾಣಲಿಲ್ಲ.

ಮಧ್ಯಾಹ್ನ ಪಕ್ಕದ ಓಣಿಯ ನೂರಿಸ್ ಜ್ವರದ ಕೂಸನ್ನೆತ್ತಿಕೊಂಡು, ಸೀಸೆ ಹಿಡಿದು ಬಂದಳು. ಕ್ರೂಸಿತಾ ಸೂಜಿ ಕೈಗೆತ್ತಿಕೊಂಡಳು. ಕೆಳಗಿಟ್ಟಳು. "ಈ ಸೀಸೇಲೇನಿದೆ?"

"ಇಷ್ಟು ವರ್ಷ ಕೇಳ್ದೇ ಇದ್ದೋರು ಇವತ್ತೇನು ಡಾಕ್ಟ್ರಾದ್ರಾ?" ನೂರಿಸ್ ಕೂಸಿನ ತೋಳು ಮುಚ್ಚಿಕೊಂಡು ಹೊರಟುಹೋದಳು.

ಮರುದಿನ ಕ್ಲಬ್ಬಿನ ಕಡೆಯಿಂದ ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಬಂದ. ಚೇಪೆ ಬಾಗಿಲ ಚೌಕಟ್ಟಿಗೊರಗಿ ನಿಂತಿದ್ದ. ಕ್ರೂಸಿತಾ ಅವನ ಕಡೆ ತಿರುಗದೆ ಹೇಳಿದಳು:

"ತಪ್ಪಿ ಚುಚ್ಚಿದ್ದಲ್ಲ. ಸೀಸೆ ಮೇಲೆ ಪ್ರಾಣಿ ಕಾಲಿನ ಚಿತ್ರ ಕಂಡಿತ್ತು, ಕಂಡೇ ಚುಚ್ಚಿದೆ. ಆ ಹುಡುಗನೂ ಕೇಳ್ಲಿಲ್ಲ. ಸೀಸೆ ತಂದೋನು ಇಲ್ಲೇ ನಿಂತಿದಾನೆ ನೋಡಿ, ಚೇಪೆ."

ಕ್ಲಬ್ಬಿನವನು ಯೇವ್ರಿಸ್‌ನ ಹೆಸರು ಬರೆದುಕೊಂಡ. ಕ್ರೂಸಿತಾಳ ಹೆಸರು ಬರೆದುಕೊಂಡ. ಪೆನ್ನು ಜೇಬಿಗಿಟ್ಟ.

"ಚೇಪೆ ಹೆಸ್ರು?"

"ಅವರು ನಮ್ಮ ನೌಕರರಲ್ಲ, ಅಮ್ಮಾ."

ಯೇವ್ರಿಸ್‌ಗೆ ಆ ವರ್ಷದ ಆಟವೂ ಇಲ್ಲ, ಸಂಬಳವೂ ಇಲ್ಲ. ಅವನೀಗ ಕಬ್ಬಿನ ಲಾರಿಗೆ ಹೊರೆ ಹಾಕುತ್ತಾನೆ, ಅದೇ ಭುಜದಲ್ಲಿ. ಕ್ರೂಸಿತಾಳ ಅಂಗಳಕ್ಕೆ ಯಾರೂ ಬರುವುದಿಲ್ಲ. ಪೊಲೀಸರೂ ಬಂದಿಲ್ಲ, ಆದರೆ ಪ್ರತಿ ಗಾಡಿಯ ಸದ್ದಿಗೂ ಅವಳು ಎದ್ದು ಬಾಗಿಲಿಗೆ ಬರುತ್ತಾಳೆ. ಚೇಪೆ ಮೈದಾನದಲ್ಲಿ ಹೊಸ ಹುಡುಗರನ್ನು ಓಡಿಸುತ್ತಿದ್ದಾನೆ. ಕ್ಲಬ್ಬಿನ ಕಾರು ಅಲ್ಲಿಗೇ ಹೋಗಿ ನಿಲ್ಲುತ್ತದೆ.

ಆಟ ನೋಡುವವರು ನೀವು. ಟಿಕೆಟ್ಟಿನ ದುಡ್ಡು ನಿಮ್ಮದು. ಸಿಕ್ಕಿಬಿದ್ದವನನ್ನು ಮೋಸಗಾರ ಎಂದು ಬೈದು ಪೇಪರು ಮಡಚಬೇಡಿ. ಸೀಸೆ ತಂದವನ ಹೆಸರೆಲ್ಲಿ ಎಂದು ಕ್ಲಬ್ಬಿನ ಬಾಗಿಲಿಗೇ ಹೋಗಿ ಕೇಳಿ. ಆ ಮೂರನೆಯ ಹೆಸರು ಬರೆಸದೆ ಅಲ್ಲಿಂದ ಏಳಬೇಡಿ.