ಚರಗಕ್ಕೆ ಬಂದ ಬೆಳವ

ಸಿಂದಗಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಮೊಬೈಲ್ ಆಟಗಳ ಮಾತು ಬಂತೆಂದರೆ ಕಪ್ಪಿನಲ್ಲಿಯ ಚಹಾ ಆರಿಹೋಗುತ್ತದೆ. ಬಂದೂಕು ಹಿಡಿದು ಕಂಡವರನ್ನೆಲ್ಲ ಹೊಡೆದುರುಳಿಸುವ ಆ ಆಟಗಳಿಂದ ಮಕ್ಕಳು ಕೆಡುತ್ತಾರೆ ಎಂದು ಅರ್ಧ ಜನ. ನಾವೇನು ಸಣ್ಣವರಿದ್ದಾಗ ಕಟ್ಟಿಗೆಯ ಕತ್ತಿ ಹಿಡಿದು ಬಡಿದಾಡಲಿಲ್ಲವೇ ಎಂದು ಇನ್ನರ್ಧ. ನಾನು ವಿಜ್ಞಾನ ಕಲಿಸುವವಳು ಎಂಬ ಒಂದೇ ತಪ್ಪಿಗೆ ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಉತ್ತರ ನನಗೂ ಗೊತ್ತಿಲ್ಲ. ನನ್ನ ಮಗನ ವಿಷಯದಲ್ಲಿ ನಡೆದದ್ದಷ್ಟೇ ಗೊತ್ತು, ಅದನ್ನು ಅಲ್ಲಿ ಯಾರ ಮುಂದೆಯೂ ಹೇಳಿಲ್ಲ.

ಅವನಿಗೆ ಆಗ ಹತ್ತು ವರ್ಷ. ಅವರಪ್ಪನ ನೌಕರಿ ಮುದ್ದೇಬಿಹಾಳದಲ್ಲಿ. ಶನಿವಾರ ಬಂದರೆ ಸೋಮವಾರ ಮೊದಲ ಬಸ್ಸಿಗೆ ವಾಪಸು. ಮಗನ ಮುಖ ದಿನಾ ಕಾಣಲಿ ಎಂದು ಅವರು ತಂದುಕೊಟ್ಟ ಫೋನಿನಲ್ಲಿ ಅಪ್ಪನ ಮುಖ ಕಂಡದ್ದು ಕಡಿಮೆ, ಬಂದೂಕು ಕಂಡದ್ದೇ ಹೆಚ್ಚು. ಬೈದೆ, ಬಚ್ಚಿಟ್ಟೆ, ಪಾಸ್‌ವರ್ಡ್ ಬದಲಿಸಿದೆ. ನನ್ನ ಬೆರಳು ಓಡುವುದನ್ನು ದೂರದಿಂದಲೇ ನೋಡಿ ಅವನು ಹೊಸ ಪಾಸ್‌ವರ್ಡನ್ನೂ ಕಲಿತ. ಗಣಿತದಲ್ಲಿ ಇಷ್ಟು ಚುರುಕಿದ್ದಿದ್ದರೆ ಊರಿಗೆಲ್ಲ ಪೇಢೆ ಹಂಚುತ್ತಿದ್ದೆ.

ಅಷ್ಟಾಗಿದ್ದರೆ ಹೇಗೋ ಸಹಿಸುತ್ತಿದ್ದೆ. ಒಂದು ಸಂಜೆ ಓಣಿಯಲ್ಲಿ ಆಡುವಾಗ ಅವನು ನೆರೆಮನೆಯ ಹುಡುಗನನ್ನು ತಳ್ಳಿದ. ಆ ಮಗು ಕಟ್ಟೆಯ ಅಂಚಿಗೆ ಬಡಿದು ತುಟಿ ಹರಿದುಕೊಂಡಿತು. ನಾನು ಓಡಿಬಂದು ನೋಡಿದರೆ ನನ್ನ ಮಗ ಆ ಕಡೆ ಬೆನ್ನು ಮಾಡಿ ಚೆಂಡು ಹುಡುಕುತ್ತಿದ್ದ.

“ರಕ್ತ ಬರಾಕತ್ತೈತಿ, ಕಾಣವಲ್ದೇನ ನಿನಗ?” ಎಂದು ಚೀರಿದೆ.

ಅವನು ಒಮ್ಮೆ ತಿರುಗಿ ನೋಡಿ, “ಏಳ್ತಾನ ಬಿಡ ಮಮ್ಮಿ,” ಎಂದ.

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಇನ್ನೊಬ್ಬರ ನೋವು ಇವನಿಗೆ ಮುಟ್ಟುವುದೇ ನಿಂತುಹೋಯಿತೇ? ಆಟ ಇವನ ಒಳಗನ್ನು ಅಷ್ಟು ಮರಗಟ್ಟಿಸಿಬಿಟ್ಟಿತೇ? ಆ ಹುಡುಗನ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆ. ಅಂದಿನಿಂದ ದೇವರ ಮುಂದೆ ನಿಂತಾಗಲೆಲ್ಲ ಬೇಡಿಕೊಳ್ಳುತ್ತಿದ್ದೆ, ಒಮ್ಮೆಯಾದರೂ ಇವನ ಕರುಳು ಚುರುಕ್ ಅನ್ನಲಿ, ಎಷ್ಟು ನೋವಾದರೂ ಆಗಲಿ ಎಂದು.

ಎಳ್ಳಮವಾಸ್ಯೆಗೆ ನಾಲ್ಕು ದಿನ ಮೊದಲೇ ನಾನೂ ಅವನೂ ತವರಿಗೆ ಹೋದೆವು. ತವರು ಇಂಡಿ ತಾಲೂಕಿನ ಒಂದು ಹಳ್ಳಿ. ಝಳಕಿಯಲ್ಲಿ ಬಸ್ಸಿಳಿದು ಆಟೋ ಹಿಡಿಯಬೇಕು. ಮೊಬೈಲಿನ ಸುದ್ದಿ ಕೇಳಿ ನನ್ನಪ್ಪ ನಕ್ಕುಬಿಟ್ಟ.

“ಇಷ್ಟಕ್ಕ ಯಾಕ ಜೀವ ತಿನ್ಕೊಂತಿ ಯವ್ವಾ? ನನ್ನ ಕೈಯಾಗ ಬಿಡು ಅವನ್ನ. ಕವಣಿ ಬೀಸೂದು ಕಲಿತಾ ಅಂದ್ರ ಮೊಬೈಲ್ ಎಲ್ಲಿಟ್ಟೇನಿ ಅನ್ನೂದ ಮರೀತಾನ.”

ಜೋಳ ಆಗ ತೆನೆ ಕಟ್ಟಿ ಹಾಲು ತುಂಬುವ ಹೊತ್ತು, ಹಕ್ಕಿ ಕಾಯಲು ಹೊಲದಲ್ಲಿ ಒಬ್ಬರು ಇರಲೇಬೇಕು. ಹಗ್ಗದ ಕವಣೆಯಲ್ಲಿ ಕಲ್ಲಿಟ್ಟು ತಲೆಯ ಮೇಲೆ ತಿರುಗಿಸಿ ಒಂದು ಎಳೆ ಬಿಟ್ಟರೆ ಕಲ್ಲು ಬುರ್ ಎಂದು ಹೋಗಿ ಬೆಳೆಯಾಚೆ ಬೀಳುತ್ತದೆ, ಸಪ್ಪಳಕ್ಕೆ ಹಿಂಡು ಎದ್ದು ಹಾರುತ್ತದೆ. ಹಕ್ಕಿಯನ್ನು ಎಬ್ಬಿಸಬೇಕು, ಅಷ್ಟೇ ಕವಣೆಯ ಕೆಲಸ. ಆದರೆ ಕಲಿಸುವ ಹುರುಪಿನಲ್ಲಿ ಅಪ್ಪ ಗುರಿಗೆಂದು ಬದುವಿನ ಮೇಲೆ ಹಳೆಯ ಬಣ್ಣದ ಡಬ್ಬಿ ಇಟ್ಟ. ಮರುದಿನ ಮೊಮ್ಮಗನ ಕಲ್ಲು ಡಬ್ಬಿಗೆ ಬಡಿದಾಗ, “ಭಲೇ ಮಗನ! ನನ್ನಕಿಂತ ಚಲೋ ಐತಿ ನಿನ್ನ ಗುರಿ,” ಎಂದು ಬೆನ್ನು ಚಪ್ಪರಿಸಿದ. ಫೋನು ನನ್ನ ಬ್ಯಾಗಿನಲ್ಲಿ ಚಾರ್ಜಿಲ್ಲದೆ ಬಿದ್ದಿತ್ತು, ನಾನು ಹಿಗ್ಗಿಹೋಗಿದ್ದೆ.

ಅಮವಾಸ್ಯೆಯ ದಿನ ಮನೆಮಂದಿಯೆಲ್ಲ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋದೆವು. ಬನ್ನಿ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಕಲ್ಲುಗಳಿಗೆ ಪೂಜೆಯಾಯಿತು. ಆಮೇಲೆ ಚರಗ. ಸಜ್ಜೆ ರೊಟ್ಟಿ, ಕಡಬು, ಹೋಳಿಗೆ, ಪಲ್ಯ ಎಲ್ಲವನ್ನೂ ಮುರಿದು ಕಲಸಿ, ಹೊಲದ ಸುತ್ತ ಚೆಲ್ಲುತ್ತ ಬರುವುದು. ಅದು ಭೂಮಿತಾಯಿಗೆ ಕೊಡುವ ಊಟ, ಇರುವೆಯಿಂದ ಹಕ್ಕಿಯವರೆಗೆ ಎಲ್ಲರಿಗೂ ಅದರಲ್ಲಿ ಪಾಲು. ಚರಗ ಚೆಲ್ಲಿದ ದಿನ ನಮ್ಮ ಮನೆತನದಲ್ಲಿ ಯಾರೂ ಕವಣೆ ಬೀಸುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ, ಹೊಲದಲ್ಲಿ ಬೆಳೆದವರಿಗೆ ತಾನಾಗಿ ಬಂದಿರುತ್ತದೆ. ನನ್ನ ಮಗ ಸಿಂದಗಿಯ ಓಣಿಯಲ್ಲಿ ಬೆಳೆದವನು, ಅವನಿಗೆ ಹೇಳಬೇಕು ಎಂದು ನನಗಾಗಲಿ ಅಪ್ಪನಿಗಾಗಲಿ ಹೊಳೆಯಲೇ ಇಲ್ಲ.

ನಾವು ಗಿಡದ ನೆರಳಿಗೆ ಊಟಕ್ಕೆ ಕೂತಿದ್ದೆವು. ಬದುವಿನ ಹತ್ತಿರ ಚೆಲ್ಲಿದ ಚರಗಕ್ಕೆ ಪಾರಿವಾಳದ ಜಾತಿಯ ಬೆಳವಗಳು ಇಳಿದು ಹೆದರಿಕೆಯಿಲ್ಲದೆ ಹೆಕ್ಕಿ ತಿನ್ನುತ್ತಿದ್ದವು. ಮಗ ಎದ್ದು ಹೋದದ್ದನ್ನು ನಾನು ನೋಡಿರಲಿಲ್ಲ. ಬುರ್ ಎಂಬ ಸಪ್ಪಳಕ್ಕೆ ತಲೆಯೆತ್ತಿದರೆ ಹಕ್ಕಿಗಳೆಲ್ಲ ಹಾರಿದ್ದವು, ಒಂದು ಮಾತ್ರ ಮಣ್ಣಿನಲ್ಲಿ ರೆಕ್ಕೆ ಬಡಿಯುತ್ತಿತ್ತು.

“ಉಡಾಯಿಸಿದೆ! ಮುತ್ಯಾ, ಒಂದ ಏಟಿಗೆ ಉಡಾಯಿಸಿದೆ!”

ಅಜ್ಜನ ಕಡೆ ನೋಡುತ್ತ ಮಗ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ. ಫೋನು ಹಿಡಿದಾಗ ಕೂಗುವ ಕೂಗೇ ಅದು. ಊಟಕ್ಕೆ ಕೂತವರೆಲ್ಲ ಕೈಯಲ್ಲಿಯ ತುತ್ತು ಕೆಳಗಿಟ್ಟು ಅತ್ತ ತಿರುಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಓಡಿಹೋಗಿ ಕೆನ್ನೆಗೆ ಬಾರಿಸಿದೆ. ಇನ್ನೊಂದು ಏಟಿಗೆ ಕೈಯೆತ್ತಿದಾಗ ಹಿಂದೆಯೇ ಬಂದ ಅಪ್ಪ ಹಿಡಿದುಕೊಂಡ.

“ಬಿಡ ಯವ್ವಾ. ಹೊಡಿಬಾರದು ಅಂತ ಕಲಿಸಾಕ ನೀನೂ ಹೊಡಿತೀಯೇನ? ಅವಗ ನಾವ ಹೇಳಿಲ್ಲ. ಕವಣಿ ಕೊಟ್ಟಾಂವ ನಾನ, ಭಲೇ ಅಂದಾಂವನೂ ನಾನ.”

ಅಪ್ಪನ ಮುಖ ಬಾಡಿತ್ತು. ಬಗ್ಗಿ ಆ ಬೆಳವವನ್ನು ಎರಡೂ ಕೈಯಿಂದ ಎತ್ತಿ ಮೊಮ್ಮಗನ ಬೊಗಸೆಯಲ್ಲಿಟ್ಟ. “ಹಿಡಿ. ಅಮುಕಬ್ಯಾಡ. ಅಲುಗಾಡಿದ್ರ ಅದಕ್ಕ ಇನ್ನಷ್ಟ ಹೆದರಿಕಿ ಆಕ್ಕೈತಿ.”

ಏಟು ತಿಂದ ಸಿಟ್ಟಿನಲ್ಲೇ ಮಗ ಕೈಯೊಡ್ಡಿದ. ಸ್ವಲ್ಪ ಹೊತ್ತಿಗೆ ಅವನ ಮುಖ ಬದಲಾಯಿತು.

“ಮುತ್ಯಾ, ಒಳಗ ಏನೋ ಬಡಕೊಳ್ಳಾಕತ್ತೈತಿ.”

“ಅದರ ಎದಿ ಪಾ ಅದು.”

ಬನ್ನಿ ಗಿಡದ ಬುಡದಲ್ಲಿ ಅವನು ಕೂತುಬಿಟ್ಟ. ಉಳಿದವರು ಊಟ ಮುಗಿಸಿದರು, ಎಲೆಅಡಿಕೆ ಹಾಕಿಕೊಂಡರು, ಒಂದು ಬೆಳವಕ್ಕೆ ಇಷ್ಟೇಕೆ ಎಂದು ಯಾರೋ ಗೊಣಗಿದರು. ನಾನು ಹೋಳಿಗೆ ಒಯ್ದರೆ ಬೇಡವೆಂದು ತಲೆ ಅಲ್ಲಾಡಿಸಿದ, ಕೈ ಮಾತ್ರ ಕದಲಿಸಲಿಲ್ಲ. ಮುಖದ ಮೇಲೆ ನೊಣ ಕೂತರೂ ಓಡಿಸಲಿಲ್ಲ. ಅಪ್ಪ ಬೆರಳ ತುದಿಯಿಂದ ಕೊಕ್ಕಿಗೆ ನೀರು ಬಿಡುತ್ತಿದ್ದ. ಕೊಕ್ಕಿನ ಬದಿಗೆ ರಕ್ತ ಕಂಡಾಗಲೇ ಅದು ಬದುಕುವುದಿಲ್ಲ ಎಂದು ನನಗೆ ಗೊತ್ತಾಗಿತ್ತು. ಆದರೂ ನೀರಿನ ತಂಬಿಗೆಯನ್ನು ಅಪ್ಪನ ಹತ್ತಿರ ಸರಿಸಿದೆ.

ಮಗನ ಪಕ್ಕದಲ್ಲಿ ಕೂತು ಆ ಹೊತ್ತಿಡೀ ಯೋಚಿಸಿದೆ. ಫೋನಿನಲ್ಲಿ ಇವನು ಎಷ್ಟು ಜನರನ್ನು ಕೆಡವಿದ್ದಾನೋ, ಕೆಡವಿದ ಒಂದನ್ನಾದರೂ ಕೈಯಲ್ಲಿ ಹಿಡಿಯುವ ಪ್ರಸಂಗ ಬಂದಿರಲಿಲ್ಲ. ಆಟ ಅವನಿಗೆ ಮಾಡಿದ ಕೇಡು ಅದು ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಡಬ್ಬಿ ಇಟ್ಟು ಭಲೇ ಅಂದವರು ನಾವು. ಎಷ್ಟು ಪಾಲು ಫೋನಿನದು, ಎಷ್ಟು ನಮ್ಮದು ಎಂದು ಬಿಡಿಸಿ ಹೇಳಲು ನನ್ನಿಂದ ಆಗಿಲ್ಲ. ಅವನು ಈಗಲೂ ಆಗೀಗ ಆಡುತ್ತಾನೆ, ನಾನು ಈಗಲೂ ಬೈಯುತ್ತೇನೆ.

ಬಿಸಿಲು ಇಳಿಯಿತು. ಪಾತ್ರೆಗಳನ್ನು ಟ್ರ್ಯಾಕ್ಟರಿಗೆ ಏರಿಸುತ್ತಿದ್ದಾಗ ಅವನು ಕರೆದ.

“ಮಮ್ಮಿ, ಬಡಕೊಳ್ಳೂದು ನಿಂತೈತಿ.”

ಬೊಗಸೆ ಇನ್ನೂ ಮೊದಲಿನಂತೆಯೇ ಇತ್ತು. “ನಾ ಒಟ್ಟ ಅಲುಗಾಡಿಲ್ಲ ಮಮ್ಮಿ. ಮುತ್ಯಾ ಹೇಳಿದಂಗ ಕುಂತೇನಿ. ಆದ್ರೂ ಸತ್ತೋತು.”

ಆಮೇಲೆ ಅತ್ತ. ಇಷ್ಟು ದಿನ ನಾನು ಬೇಡಿಕೊಂಡದ್ದು ಇದನ್ನೇ. ಮಗನ ಕರುಳು ಚುರುಕ್ ಅಂದಿತ್ತು, ದೇವರು ನನ್ನ ಮಾತು ನಡೆಸಿಕೊಟ್ಟಿದ್ದ. ಆದರೆ ಬಿಕ್ಕುತ್ತಿದ್ದ ಆ ಮೈಯನ್ನು ಮಡಿಲಿಗೆ ಎಳೆದುಕೊಂಡಾಗ ಅದೇ ದೇವರ ಹತ್ತಿರ ಮತ್ತೆ ಕೈಯೊಡ್ಡಿದ್ದೆ, ಇಷ್ಟು ನೋವು ಇವನಿಗೆ ಬೇಡ, ಹೇಗಾದರೂ ಮಾಡಿ ಆ ಹಕ್ಕಿ ಒಮ್ಮೆ ಕಣ್ಣು ಬಿಡಲಿ ಎಂದು.